ಒಂದೇ ಕಾರು, ಎರಡು ನಡಿಗೆ

ಒಂದೇ ಕಾರ್ಖಾನೆಯಲ್ಲಿ ತಯಾರಾಗಿ, ಒಂದೇ ಹೆಸರನ್ನೂ ಒಂದೇ ಎಂಜಿನನ್ನೂ ಹೊತ್ತು ಬರುವ ಎರಡು ಮೋಟಾರು ಕಾರುಗಳು ಬೇರೆಬೇರೆ ಬೆಲೆಗೆ ಮಾರಾಟವಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಒಂದು ಸಾಧಾರಣ ಮಾದರಿ, ಇನ್ನೊಂದು ‘ಸ್ಪೋರ್ಟ್’ ಮಾದರಿ. ಎರಡನೆಯದರ ಚಕ್ರ ದೊಡ್ಡದು, ಟೈರು ಅಗಲವಾದುದು, ಸ್ಪ್ರಿಂಗು ಬಿಗಿಯಾದುದು. ತಿರುವುಗಳಲ್ಲಿ ಇದು ರಸ್ತೆಯನ್ನು ಕಚ್ಚಿ ಹಿಡಿದು ಓಡುತ್ತದೆಂದು ಜಾಹೀರಾತುಗಳು ಸಾರುತ್ತವೆ. ಈ ಮಾತು ಎಷ್ಟರ ಮಟ್ಟಿಗೆ ನಿಜ? ನಿಜವಾದರೆ, ಭಾಲ್ಕಿಯಿಂದ ಬೀದರಿಗೋ ಔರಾದಿಗೋ ಸಾಗುವ ರಸ್ತೆಯ ಮೇಲೆಯೂ ನಿಜವೆ?

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಮಳೆಗಾಲದ ರಾತ್ರಿಯಲ್ಲಿ ತುಂಬಿದ ಸಂಸಾರವನ್ನು ಕೂರಿಸಿಕೊಂಡು ಹೊರಟ ಕಾರು ತಿರುವಿನಲ್ಲಿ ಚಾಲಕನ ಮಾತು ಕೇಳುವುದೋ ಇಲ್ಲವೋ ಎಂಬುದು ಪ್ರಾಣದ ಪ್ರಶ್ನೆ. ಇದಕ್ಕೆ ಉತ್ತರವನ್ನು ಹುಡುಕಲು ದೊಡ್ಡ ಪ್ರಯೋಗಶಾಲೆಯೇನೂ ಬೇಕಿಲ್ಲ. ಪ್ರೌಢಶಾಲೆಯಲ್ಲಿ ಕಲಿತ ಬಲ, ವೇಗ, ಘರ್ಷಣೆಗಳ ಪಾಠವೇ ಬಹುಮಟ್ಟಿಗೆ ಸಾಕು.

ಸಂಕರ ವಾಹನ

ಹೈಬ್ರಿಡ್ ಜೋಳದ ಹೆಸರು ನಮ್ಮ ರೈತರಿಗೆ ಹೊಸದಲ್ಲ. ಎರಡು ತಳಿಗಳ ಗುಣಗಳನ್ನು ಒಂದರಲ್ಲಿ ಸೇರಿಸಿದರೆ ಅದು ಸಂಕರ ತಳಿ. ಹೈಬ್ರಿಡ್ ಕಾರಿನಲ್ಲಿಯೂ ಹೀಗೆಯೇ ಎರಡು ಶಕ್ತಿಮೂಲಗಳು ಜೊತೆಗೂಡಿವೆ. ಒಂದು ಪೆಟ್ರೋಲ್ ಎಂಜಿನ್, ಇನ್ನೊಂದು ವಿದ್ಯುತ್ ಮೋಟಾರು. ಬ್ರೇಕು ಹಾಕಿದಾಗ ಮಾಮೂಲಿ ಕಾರಿನ ಚಲನಶಕ್ತಿಯೆಲ್ಲವೂ ಶಾಖವಾಗಿ ವ್ಯರ್ಥವಾಗುತ್ತದೆ. ಹೈಬ್ರಿಡ್ ಕಾರಿನಲ್ಲಾದರೋ ಚಕ್ರಗಳೇ ಮೋಟಾರನ್ನು ತಿರುಗಿಸಿ ಅದನ್ನು ವಿದ್ಯುಜ್ಜನಕವನ್ನಾಗಿ ಮಾಡುತ್ತವೆ. ಆ ಶಕ್ತಿಯ ಒಂದು ಭಾಗ ಬ್ಯಾಟರಿಗೆ ಮರಳುತ್ತದೆ.

ಈ ಕಲ್ಪನೆ ಹಳೆಯದು. ಫರ್ಡಿನೆಂಡ್ ಪೋರ್ಷೆ ಎಂಬ ಎಂಜಿನಿಯರು 1900ರ ಸುಮಾರಿಗೆ ಇಂತಹ ಒಂದು ವಾಹನವನ್ನು ರಚಿಸಿದ್ದನು. ಆದರೆ ಭಾರಿ ಸಂಖ್ಯೆಯಲ್ಲಿ ತಯಾರಾದ ಮೊದಲ ಹೈಬ್ರಿಡ್ ಕಾರು ಟೊಯೋಟಾ ಪ್ರಿಯಸ್. ಅದು ಜಪಾನಿನಲ್ಲಿ ಮಾರಾಟಕ್ಕೆ ಬಂದುದು 1997ರ ಡಿಸೆಂಬರಿನಲ್ಲಿ. ಕರ್ನಾಟಕಕ್ಕೂ ಈ ಕತೆಯಲ್ಲಿ ಪಾಲುಂಟು. ಬೆಂಗಳೂರಿನ ಬಳಿಯ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಕಾರಿನ ತಯಾರಿಕೆ ಆರಂಭವಾಯಿತು. 2022ರಲ್ಲಿ ಅದೇ ಕಾರ್ಖಾನೆಯ ಇನೋವಾ ಹೈಕ್ರಾಸ್ ಕಾರನ್ನು ಲೋಕಕ್ಕೆ ಪರಿಚಯಿಸಲಾಯಿತು.

ಅಂಗೈಯಗಲದ ನಾಲ್ಕು ನೆಲೆಗಳು

ಒಂದೂವರೆ ಟನ್ನಿಗೂ ಮಿಗಿಲಾದ ತೂಕದ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ವೇಗವನ್ನು ಹೆಚ್ಚಿಸುವುದು, ನಿಲ್ಲಿಸುವುದು, ತಿರುಗಿಸುವುದು ಈ ಮೂರೂ ಕೆಲಸಗಳು ಆ ನಾಲ್ಕು ಅಂಗೈಗಳ ಮೂಲಕವೇ ಆಗಬೇಕು. ಚಾಲಕನು ಕೇಳಿದ ಕೆಲಸವನ್ನು ಈ ನೆಲೆಗಳು ಎಷ್ಟು ಬೇಗ, ಎಷ್ಟು ನಿಖರವಾಗಿ ಮಾಡಿಕೊಡುತ್ತವೆಯೋ ಅದನ್ನೇ ನಾವು ಕಾರಿನ ಹತೋಟಿ ಎಂದು ಕರೆಯೋಣ.

ಒಂದು ಲೆಕ್ಕವನ್ನು ಮಾಡಿ ನೋಡೋಣ. 60 ಮೀಟರು ತ್ರಿಜ್ಯವಿರುವ ತಿರುವಿನಲ್ಲಿ ಕಾರು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆಯೆಂದು ಭಾವಿಸಿ. ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರು. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಕೇಂದ್ರಾಭಿಮುಖ ವೇಗೋತ್ಕರ್ಷ ದೊರೆಯುತ್ತದೆ. ಇಲ್ಲಿ ಅದು ಸುಮಾರು 4.6, ಎಂದರೆ ಗುರುತ್ವದ ಅರ್ಧಕ್ಕಿಂತ ತುಸು ಕಡಿಮೆ. ಒಣಗಿದ ಒಳ್ಳೆಯ ಡಾಂಬರಿನ ಮೇಲೆ ಘರ್ಷಣಾಂಕವು 0.8ರ ಆಸುಪಾಸಿನಲ್ಲಿರುವುದರಿಂದ ಟೈರುಗಳು ಈ ಬಲವನ್ನು ನಿಶ್ಚಿಂತೆಯಿಂದ ಒದಗಿಸಬಲ್ಲವು. ವೇಗವು 80 ಕಿಲೋಮೀಟರಿಗೆ ಏರಿತೆಂದರೆ ಬೇಕಾಗುವ ವೇಗೋತ್ಕರ್ಷ 8.2 ಆಗುತ್ತದೆ. ಆಗ ಟೈರಿನ ಶಕ್ತಿ ಮುಗಿದು ಕಾರು ಹೊರಕ್ಕೆ ಜಾರತೊಡಗುತ್ತದೆ. ವೇಗ ಏರಿದುದು ಮೂರರಲ್ಲೊಂದು ಪಾಲು ಮಾತ್ರ. ಬಲದ ಅಗತ್ಯ ಏರಿದುದು ಮುಕ್ಕಾಲು ಪಾಲಿಗೂ ಹೆಚ್ಚು. ವರ್ಗದ ಈ ನಿಯಮವನ್ನು ಯಾವ ಮಾದರಿಯ ಕಾರೂ ಮೀರಲಾರದು.

ಎರಡು ಮಾದರಿಗಳಲ್ಲಿ ಬದಲಾಗುವುದೇನು?

ಹೋಲಿಕೆಗೆ ಒಂದು ನಿಜವಾದ ಜೋಡಿಯನ್ನೇ ತೆಗೆದುಕೊಳ್ಳೋಣ. 2018ರ ಮಾದರಿಯ ಕ್ಯಾಮ್ರಿ ಹೈಬ್ರಿಡ್ ಕಾರನ್ನು ಅಮೆರಿಕದಲ್ಲಿ ಎಲ್‌ಇ ಎಂಬ ಸಾಧಾರಣ ರೂಪದಲ್ಲಿಯೂ ಎಸ್‌ಇ ಎಂಬ ಸ್ಪೋರ್ಟ್ ರೂಪದಲ್ಲಿಯೂ ಮಾರಲಾಯಿತು. ಎರಡರಲ್ಲಿಯೂ ಅದೇ 2.5 ಲೀಟರಿನ ಎಂಜಿನ್. ಮೋಟಾರು ಸೇರಿ ಅದೇ 208 ಅಶ್ವಶಕ್ತಿ. ಎರಡರಲ್ಲಿಯೂ ಬ್ಯಾಟರಿ ಇರುವುದು ಹಿಂದಿನ ಆಸನದ ಕೆಳಗೆ. ಆದರೆ ಎಲ್‌ಇಯ ಟೈರು 205/65 ಆರ್ 16. ಎಸ್‌ಇಯದು 235/45 ಆರ್ 18. ಎಸ್‌ಇಯ ಸ್ಪ್ರಿಂಗು, ಆಘಾತಶಾಮಕಗಳನ್ನು ಬಿಗಿಯಾಗಿ ಹದಗೊಳಿಸಲಾಗಿತ್ತು.

ಟೈರಿನ ಪಕ್ಕದಲ್ಲಿ ಬರೆದಿರುವ ಈ ಅಂಕಿಗಳನ್ನು ಓದಲು ಕಲಿಯುವುದು ಸುಲಭ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಅಗಲದ ಶೇಕಡಾ ಪ್ರಮಾಣದಲ್ಲಿ. ಕೊನೆಯದು ಲೋಹದ ಗಾಲಿಯ ವ್ಯಾಸ, ಇಂಚುಗಳಲ್ಲಿ. ಗುಣಿಸಿ ನೋಡಿದರೆ ಎಲ್‌ಇಯ ಟೈರಿನ ಪಕ್ಕೆ ಸುಮಾರು 133 ಮಿಲಿಮೀಟರು, ಎಸ್‌ಇಯದು ಸುಮಾರು 106. ಆಶ್ಚರ್ಯದ ಸಂಗತಿಯೆಂದರೆ ಟೈರು ಸೇರಿದ ಇಡೀ ಚಕ್ರದ ವ್ಯಾಸ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ, 67 ಸೆಂಟಿಮೀಟರು. ‘ದೊಡ್ಡ ಚಕ್ರ’ವೆಂದರೆ ಇಲ್ಲಿ ರಬ್ಬರನ್ನೂ ಗಾಳಿಯನ್ನೂ ಕಡಿಮೆ ಮಾಡಿ ಲೋಹವನ್ನು ಹೆಚ್ಚಿಸಿದ್ದು, ಅಷ್ಟೆ. ಬಿಡದಿಯ ಹೈಕ್ರಾಸ್ ಕಾರಿನಲ್ಲಿಯೂ ಇದೇ ಬಗೆಯ ಅಂತರವುಂಟು. ಅದರ ವಿಎಕ್ಸ್ ಹೈಬ್ರಿಡ್ 16 ಇಂಚಿನ ಗಾಲಿಗಳ ಮೇಲೆ ಹೊರಬಂದರೆ, ಮೇಲಿನ ದರ್ಜೆಯ ಜೆಡ್‌ಎಕ್ಸ್ 18 ಇಂಚಿನ ಗಾಲಿಗಳ ಮೇಲೆ ಬಂದಿತು.

ಕುಳ್ಳಾದ ಪಕ್ಕೆ ಅಡ್ಡಕ್ಕೆ ಬಾಗುವುದು ಕಡಿಮೆ. ಆದುದರಿಂದ ಚಾಲಕನು ಸ್ಟಿಯರಿಂಗನ್ನು ತಿರುಗಿಸಿದೊಡನೆ ಕಾರು ತಡಮಾಡದೆ ತಿರುಗುತ್ತದೆ. ಎಸ್‌ಇಯಂತಹ ಮಾದರಿಯನ್ನು ನಡೆಸಿದವರು ‘ಚುರುಕು’ ಎನ್ನುವುದು ಬಹುಮಟ್ಟಿಗೆ ಇದನ್ನೇ. ಆದರೆ ಇದಕ್ಕೆ ಬೆಲೆಯುಂಟು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾಪನದಲ್ಲಿ ಎಲ್‌ಇ ಗ್ಯಾಲನ್ನಿಗೆ 52 ಮೈಲಿ ಓಡಿದರೆ ಎಸ್‌ಇ ಓಡಿದುದು 46 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ 22.1 ಮತ್ತು 19.6 ಕಿಲೋಮೀಟರು. 18 ಇಂಚಿನ ಗಾಲಿಗಳನ್ನೇ ಹೊಂದಿ ಸುಖಪ್ರಯಾಣಕ್ಕೆಂದು ಹದಗೊಂಡ ಎಕ್ಸ್‌ಎಲ್‌ಇ ಮಾದರಿಗೂ ಇದೇ 46 ದೊರೆಯಿತು. ಆದುದರಿಂದ ತಪ್ಪನ್ನು ಬಿಗಿ ಸ್ಪ್ರಿಂಗಿನ ಮೇಲೆ ಹೊರಿಸುವಂತಿಲ್ಲ. ಅಗಲ ಟೈರು, ಹೆಚ್ಚಿನ ತೂಕ, ಬೇರೆ ಜಾತಿಯ ಬ್ಯಾಟರಿ ಇವೇ ಕಾರಣಗಳು. ಎಲ್‌ಇಯಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯಿತ್ತು. ಉಳಿದೆರಡರಲ್ಲಿ ನಿಕ್ಕಲ್ ಬ್ಯಾಟರಿಯಿತ್ತು.

ತೂಕದ ವರ್ಗಾವಣೆ

ತಿರುವಿನಲ್ಲಿ ಕಾರು ಹೊರಪಕ್ಕಕ್ಕೆ ವಾಲುವುದನ್ನು ಎಲ್ಲರೂ ಬಲ್ಲರು. ಬಿಗಿಯಾದ ಸ್ಪ್ರಿಂಗು ಈ ವಾಲುವಿಕೆಯನ್ನು ತಗ್ಗಿಸುತ್ತದೆ. ಇದರಿಂದ ಹೊರಗಿನ ಚಕ್ರಗಳಿಗೆ ವರ್ಗವಾಗುವ ಭಾರವೂ ತಗ್ಗುತ್ತದೆಂದು ಅನೇಕರು ನಂಬಿದ್ದಾರೆ. ಅದು ಸರಿಯಲ್ಲ. ವರ್ಗವಾಗುವ ಭಾರವು ಕಾರಿನ ರಾಶಿ, ವೇಗೋತ್ಕರ್ಷ, ಗುರುತ್ವಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಣ ಅಂತರ ಇವುಗಳನ್ನು ಮಾತ್ರ ಮುಖ್ಯವಾಗಿ ಅವಲಂಬಿಸಿದೆ; ಸ್ಪ್ರಿಂಗಿನ ಬಿಗುವಿಗೆ ಅಲ್ಲಿ ಹೇಳಿಕೊಳ್ಳುವಂತಹ ಪಾತ್ರವಿಲ್ಲ.

1,600 ಕಿಲೋಗ್ರಾಂ ತೂಗುವ ಒಂದು ಕಾರನ್ನು ಊಹಿಸಿಕೊಳ್ಳೋಣ. ಅದರ ಗುರುತ್ವಕೇಂದ್ರ ನೆಲದಿಂದ 55 ಸೆಂಟಿಮೀಟರು ಎತ್ತರದಲ್ಲಿರಲಿ, ಎಡಬಲ ಚಕ್ರಗಳ ಅಂತರ 1.6 ಮೀಟರು ಇರಲಿ. ಮೇಲೆ ಹೇಳಿದ ತಿರುವಿನಲ್ಲಿ, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ, ಒಳಚಕ್ರಗಳಿಂದ ಹೊರಚಕ್ರಗಳಿಗೆ ಸುಮಾರು 258 ಕಿಲೋಗ್ರಾಂ ಭಾರ ಸರಿಯುತ್ತದೆ. ಗುರುತ್ವಕೇಂದ್ರವನ್ನು 5 ಸೆಂಟಿಮೀಟರು ಕೆಳಗಿಳಿಸಿದರೆ ಈ ಭಾರ 235 ಕಿಲೋಗ್ರಾಮಿಗೆ ಇಳಿಯುತ್ತದೆ. ಟೈರಿನ ಸ್ವಭಾವವೇನೆಂದರೆ, ಭಾರ ಇಮ್ಮಡಿಯಾದರೆ ಅದರ ಹಿಡಿತ ಇಮ್ಮಡಿಯಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಆದುದರಿಂದ ನಾಲ್ಕು ಚಕ್ರಗಳೂ ಭಾರವನ್ನು ಸಮನಾಗಿ ಹಂಚಿಕೊಂಡಷ್ಟೂ ಒಟ್ಟು ಹಿಡಿತ ಹೆಚ್ಚು. ಹೈಬ್ರಿಡ್ ಕಾರಿನ ಭಾರವಾದ ಬ್ಯಾಟರಿಯನ್ನು ಆಸನದ ಕೆಳಗೆ ತಗ್ಗಿನಲ್ಲಿಡುವುದರ ಲಾಭ ಇಲ್ಲಿದೆ. ಈ ಲಾಭ ಸಾಧಾರಣ ಮಾದರಿಗೂ ಸ್ಪೋರ್ಟ್ ಮಾದರಿಗೂ ಸಮಾನವಾಗಿಯೇ ದೊರೆಯುತ್ತದೆಂಬುದನ್ನು ಗಮನಿಸಬೇಕು.

ಹಾಗಾದರೆ ಬಿಗಿ ಸ್ಪ್ರಿಂಗಿನಿಂದ ಪ್ರಯೋಜನವೇ ಇಲ್ಲವೆ? ಉಂಟು. ಕಾರು ಕಡಿಮೆ ವಾಲುವುದರಿಂದ ಟೈರು ನೆಲಕ್ಕೆ ನೆಟ್ಟಗೆ ನಿಲ್ಲುತ್ತದೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೇಗಬೇಗನೆ ತಿರುಗಿಸಬೇಕಾದಾಗ ಕಾರು ಬೇಗ ಸ್ತಿಮಿತಕ್ಕೆ ಬರುತ್ತದೆ. ಆದರೆ ಇದೆಲ್ಲವೂ ರಸ್ತೆ ನುಣುಪಾಗಿದ್ದಾಗ.

ಎರೆಭೂಮಿಯ ರಸ್ತೆ

ಬೀದರ ನಗರವು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ ನಿಂತಿದೆ. ಭಾಲ್ಕಿ, ಔರಾದುಗಳ ಸುತ್ತ ಕಪ್ಪು ಎರೆಭೂಮಿ ವಿಶಾಲವಾಗಿ ಹರಡಿದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖಣದಲ್ಲಿ ಹರಿದ ಲಾವಾ ಶಿಲೆಯಾಗಿ, ಶಿಲೆ ಶಿಥಿಲಗೊಂಡು ಉಂಟಾದ ಮಣ್ಣಿದು. ತೊಗರಿಗೂ ಕಡಲೆಗೂ ಇದು ತಾಯಿ. ರಸ್ತೆಗೆ ಮಾತ್ರ ಹಗೆ. ಇದರ ಜೇಡಿಯ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತವೆ. ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವ ಮಣ್ಣು ರಸ್ತೆಯ ಕೆಳಗೂ ಸುಮ್ಮನಿರುವುದಿಲ್ಲ. ತಳಪಾಯಕ್ಕೆ ಸುಣ್ಣ ಬೆರೆಸಿ, ಒಳ್ಳೆಯ ಗಟ್ಟಿಮಣ್ಣು ಹಾಸಿ ಭದ್ರಪಡಿಸದಿದ್ದರೆ ಡಾಂಬರಿನ ಮೈ ಅಲೆಯಲೆಯಾಗಿ ಏಳುತ್ತದೆ, ಅಂಚು ಕುಸಿಯುತ್ತದೆ.

ಇಂತಹ ರಸ್ತೆಯ ಮೇಲೆ ಲೆಕ್ಕ ಬದಲಾಗುತ್ತದೆ. ಪ್ರತಿಯೊಂದು ಸ್ಪ್ರಿಂಗಿಗೂ ತನ್ನದೇ ಆದ ತೂಗಾಟದ ಲಯವುಂಟು. ಸಾಧಾರಣ ಕಾರಿನ ಮೈ ಸೆಕೆಂಡಿಗೆ ಒಂದಕ್ಕಿಂತ ತುಸು ಹೆಚ್ಚು ಸಲ ತೂಗುತ್ತದೆ. ಬಿಗಿ ಕಾರಿನದು ಒಂದೂವರೆಯ ಸಮೀಪ. ಸಣ್ಣ ತಗ್ಗುಗಳೂ ಕಿತ್ತುಹೋದ ಡಾಂಬರಿನ ಅಂಚುಗಳೂ ಒಂದರ ಹಿಂದೊಂದು ಬಂದಾಗ ಚಕ್ರವು ಬೇಗಬೇಗನೆ ಕೆಳಗಿಳಿದು ಮೇಲೇರಬೇಕು. ಮೃದುವಾದ ಸ್ಪ್ರಿಂಗು ಚಕ್ರವನ್ನು ನೆಲದ ಬೆನ್ನು ಹತ್ತಿಸುತ್ತದೆ. ಬಿಗಿಯಾದುದು ಅದನ್ನು ಪುಟಿಸುತ್ತದೆ. ಪುಟಿದ ಕ್ಷಣದಲ್ಲಿ ಆ ಅಂಗೈಯ ಮೇಲೆ ಭಾರವಿಲ್ಲ, ಭಾರವಿಲ್ಲದೆಡೆ ಘರ್ಷಣೆಯಿಲ್ಲ, ಘರ್ಷಣೆಯಿಲ್ಲದೆಡೆ ಹತೋಟಿಯೂ ಇಲ್ಲ. ನುಣುಪಾದ ಪರೀಕ್ಷಾಪಥದಲ್ಲಿ ಗೆದ್ದ ಕಾರು ಇಲ್ಲಿ ಸೋಲಬಹುದು. ಕುಳ್ಳ ಪಕ್ಕೆಯ ಟೈರು ಆಳವಾದ ತಗ್ಗಿಗೆ ಬಿದ್ದಾಗ ರಬ್ಬರು ಗಾಲಿಯ ಅಂಚಿಗೂ ಕಲ್ಲಿಗೂ ನಡುವೆ ಸಿಕ್ಕಿ ಹರಿಯುವ ಭಯವೂ ಹೆಚ್ಚು.

ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಎರೆಭೂಮಿಯ ಉದ್ದನೆಯ ಅಲೆಗಳು ಸಾಧಾರಣ ಕಾರನ್ನು ಕಾಡಬಲ್ಲವು. 12 ಮೀಟರಿಗೊಂದರಂತೆ ಉಬ್ಬುಗಳಿರುವ ರಸ್ತೆಯಲ್ಲಿ ಗಂಟೆಗೆ 54 ಕಿಲೋಮೀಟರು ವೇಗದಲ್ಲಿ ಹೋದರೆ ಸೆಕೆಂಡಿಗೆ ಒಂದೂಕಾಲು ಉಬ್ಬು ಎದುರಾಗುತ್ತದೆ. ಇದು ಮೃದು ಸ್ಪ್ರಿಂಗಿನ ಲಯಕ್ಕೆ ಸರಿಹೊಂದುವುದರಿಂದ ಕಾರು ಜೋಕಾಲಿಯಂತೆ ತೂಗತೊಡಗುತ್ತದೆ. ಈ ತೂಗಾಟವನ್ನು ನುಂಗುವುದು ಆಘಾತಶಾಮಕದ ಕೆಲಸ. ಅದು ಸವೆದಿದ್ದರೆ ಯಾವ ಮಾದರಿಯಾದರೂ ಅಪಾಯವೇ. ನಿಂತ ಕಾರಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಡಿ. ಅದು ಮೇಲೆದ್ದು ಬೇಗನೆ ಸ್ತಬ್ಧವಾದರೆ ಶಾಮಕ ಸರಿಯಾಗಿರುವ ಸೂಚನೆ. ಮತ್ತೆ ಮತ್ತೆ ಕುಣಿದರೆ ಅದನ್ನು ಮೆಕ್ಯಾನಿಕನಿಗೆ ತೋರಿಸಬೇಕು.

ಕಾರಿಲ್ಲದವರು ಸೈಕಲ್ಲಿನಿಂದಲೇ ಈ ತತ್ತ್ವವನ್ನು ಪರೀಕ್ಷಿಸಬಹುದು. ಟೈರಿಗೆ ಗಟ್ಟಿಯಾಗಿ ಗಾಳಿ ತುಂಬಿ ಕಲ್ಲುಕಲ್ಲಾದ ಕಾಲುದಾರಿಯಲ್ಲಿ ನಿಧಾನವಾಗಿ ಹೋಗಿ ನೋಡಿರಿ. ಬಳಿಕ ಸ್ವಲ್ಪ ಗಾಳಿ ಬಿಟ್ಟು ಅದೇ ದಾರಿಯಲ್ಲಿ ಹೋಗಿರಿ. ಮೊದಲ ಸಲ ಹ್ಯಾಂಡಲು ಕೈಯಲ್ಲಿ ಕುಣಿಯುತ್ತದೆ. ಎರಡನೆಯ ಸಲ ಚಕ್ರ ದಾರಿಗೆ ಅಂಟಿಕೊಂಡು ಸಾಗುತ್ತದೆ. ನುಣುಪಾದ ಡಾಂಬರಿನ ಮೇಲಾದರೋ ಗಟ್ಟಿ ಟೈರೇ ಹಗುರವಾಗಿ ಓಡುತ್ತದೆ.

ಮಳೆ ಬಂದಾಗ

ಕಬ್ಬಿನ ಗಾಡಿಗಳೂ ಟ್ರ್ಯಾಕ್ಟರುಗಳೂ ಹೊಲದಿಂದ ರಸ್ತೆಗೆ ತಂದ ಎರೆಮಣ್ಣು ಮೊದಲ ಮಳೆಗೆ ನೆನೆದಾಗ ಡಾಂಬರಿನ ಮೇಲೆ ಸಾಬೂನಿನಂತಹ ಪೊರೆಯಾಗುತ್ತದೆ. ಘರ್ಷಣಾಂಕವು 0.8ರಿಂದ 0.2ಕ್ಕೆ ಇಳಿಯಿತೆಂದು ಇಟ್ಟುಕೊಂಡರೆ, ನಮ್ಮ 60 ಮೀಟರಿನ ತಿರುವಿನಲ್ಲಿ ಜಾರದೆ ಹೋಗಬಹುದಾದ ಗರಿಷ್ಠ ವೇಗ 78 ಕಿಲೋಮೀಟರಿನಿಂದ 39ಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ ಸ್ಪ್ರಿಂಗಿನ ಹೆಸರಿಲ್ಲ, ಮಾದರಿಯ ಹೆಸರಿಲ್ಲ, ಬೆಲೆಯ ಹೆಸರೂ ಇಲ್ಲ. ಹೈಬ್ರಿಡ್ ಕಾರಿನ ಬ್ರೇಕು ಶಕ್ತಿಯನ್ನು ಬ್ಯಾಟರಿಗೆ ಮರಳಿಸುವುದೇನೋ ನಿಜ. ಆದರೆ ಅದೂ ಆ ನಾಲ್ಕು ಅಂಗೈಗಳ ಮೂಲಕವೇ ಕಾರನ್ನು ನಿಲ್ಲಿಸಬೇಕು.

ಯಾವುದು ಮೇಲು?

ಹೀಗೆ ನೋಡಿದಾಗ ‘ಯಾವ ಮಾದರಿಯ ಹತೋಟಿ ಉತ್ತಮ?’ ಎಂಬ ಪ್ರಶ್ನೆಯೇ ಅಪೂರ್ಣವೆಂದು ತೋರಿಬರುತ್ತದೆ. ‘ಯಾವ ರಸ್ತೆಯ ಮೇಲೆ?’ ಎಂದು ಸೇರಿಸಿದಾಗ ಮಾತ್ರ ಅದಕ್ಕೆ ಉತ್ತರವುಂಟು. ನುಣುಪಾದ ಹೆದ್ದಾರಿಯಲ್ಲಿ ಸ್ಪೋರ್ಟ್ ಮಾದರಿಯ ಚುರುಕು ನಿಜವಾದುದೇ. ತಗ್ಗು ಬಿದ್ದ ಊರ ದಾರಿಯಲ್ಲಿ ಸಾಧಾರಣ ಮಾದರಿಯ ಎತ್ತರದ ಟೈರೂ ಮೃದು ಸ್ಪ್ರಿಂಗೂ ನೆಲವನ್ನು ಹೆಚ್ಚು ಹೊತ್ತು ಹಿಡಿದಿರುತ್ತವೆ, ಅಗಲ ಕಡಿಮೆಯಾದ ಟೈರು ಇಂಧನವನ್ನೂ ಉಳಿಸುತ್ತದೆ. ಸ್ಪೋರ್ಟ್ ಎಂಬ ಹೆಸರಿನಡಿಯಲ್ಲಿ ಬರಿಯ ಬಣ್ಣ, ಪಟ್ಟಿಗಳನ್ನು ಮಾತ್ರ ಬದಲಿಸಿ ಮಾರುವುದೂ ಉಂಟು. ಅಂತಹ ಕಡೆ ಹೋಲಿಕೆಯ ಮಾತೇ ಬರುವುದಿಲ್ಲ. ಮನೆಯಲ್ಲಿ ಕಾರು ಕೊಳ್ಳುವ ಮಾತು ಬಂದಾಗ ಹೆಸರಿಗಿಂತ ಮೊದಲು ಟೈರಿನ ಮೇಲಿನ ಅಂಕಿಗಳನ್ನು ಓದುವುದು, ಕೊಂಡ ಮೇಲೆ ಬಾಗಿಲ ಬಳಿಯ ಚೀಟಿಯಲ್ಲಿ ಸೂಚಿಸಿದಷ್ಟೇ ಗಾಳಿಯನ್ನು ತಪ್ಪದೆ ತುಂಬಿಸುವುದು, ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸ.

ಭಾಲ್ಕಿಯಲ್ಲಿಯೂ ಬೀದರಿನಲ್ಲಿಯೂ ಎಂಜಿನಿಯರಿಂಗ್ ಕಾಲೇಜುಗಳಿವೆ. ನೆರೆಯ ಹೊಲದ ಎರೆಮಣ್ಣಿನ ಗುಣವನ್ನು ಬಾಲ್ಯದಿಂದಲೇ ಬಲ್ಲ ತರುಣರು ಅಲ್ಲಿ ಕಲಿಯುತ್ತಿದ್ದಾರೆ. ಕಾರಿನ ಸ್ಪ್ರಿಂಗನ್ನು ಹದಗೊಳಿಸುವ ವಿದ್ಯೆಯೂ ರಸ್ತೆಯ ತಳಪಾಯವನ್ನು ಭದ್ರಪಡಿಸುವ ವಿದ್ಯೆಯೂ ಬೇರೆಬೇರೆಯಲ್ಲ. ಒಂದೇ ಹತೋಟಿಯ ಎರಡು ಅರ್ಧಗಳು. ಮೊದಲ ಅರ್ಧಕ್ಕೆ ಹಣ ತೆರಬಲ್ಲವರು ಕೆಲವರೇ. ಎರಡನೆಯ ಅರ್ಧ ಸರಿಯಾದರೆ ಕಾರಿನಲ್ಲಿ ಹೋಗುವವನಿಗೂ, ಬಸ್ಸಿನಲ್ಲಿ ಹೋಗುವವನಿಗೂ, ಸೈಕಲ್ಲು ತುಳಿಯುವವನಿಗೂ ಅದರ ಫಲ ಸಮನಾಗಿ ದೊರೆಯುತ್ತದೆ.