ನೆರೂಳ್: ಸಿರಿವಂತರ ಸಣ್ಣ ಊರು

ಮಹಾನಗರದ ಮಗ್ಗುಲಲ್ಲಿದ್ದೂ ಸಣ್ಣ ಊರಿನ ನೆಮ್ಮದಿಯನ್ನು ಸವಿಯುವುದು ಸಾಧ್ಯವೇ? ನವಿ ಮುಂಬಯಿಯ ನೆರೂಳನ್ನು ನೋಡಿರಿ.

1970ರಲ್ಲಿ ಸ್ಥಾಪಿತವಾದ ನಗರನಿರ್ಮಾಣ ಸಂಸ್ಥೆ ಸಿಡ್ಕೊ, ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಹಾಗೂ ಎಂಜಿನಿಯರ್ ಶಿರೀಷ್ ಪಟೇಲರ ಕಲ್ಪನೆಯನ್ನು ಅನುಸರಿಸಿ, ನವಿ ಮುಂಬಯಿಯನ್ನು ಒಂದೇ ರಾಶಿಯಾಗಿ ಬೆಳೆಯಗೊಡದೆ, ಶಾಲೆ, ಮಾರುಕಟ್ಟೆ, ಉದ್ಯಾನ, ರೈಲುನಿಲ್ದಾಣಗಳು ಸಮೀಪದಲ್ಲಿಯೇ ಒದಗುವ ಸ್ವಯಂಪೂರ್ಣ ‘ನೋಡ್’ಗಳ ಸಾಲಾಗಿ ನಿರ್ಮಿಸತೊಡಗಿತು. ನೆರೂಳ್ ಸೆಕ್ಟರುಗಳಾಗಿ ವಿಂಗಡಿತವಾದ ಅಂಥದೊಂದು ನೋಡ್. ಆದುದರಿಂದಲೇ ಇಲ್ಲಿ ವಿಳಾಸ ಕೇಳಿದವರಿಗೆ ಬೀದಿಯ ಹೆಸರಿಗಿಂತ ಮೊದಲು ಸೆಕ್ಟರಿನ ಸಂಖ್ಯೆ ದೊರೆಯುತ್ತದೆ.

ನಲ್ಲಿಯಲ್ಲಿ ಮೊರ್ಬೆ ಅಣೆಕಟ್ಟೆಯ ನೀರು. ಪಾಮ್ ಬೀಚ್ ರಸ್ತೆಯುದ್ದಕ್ಕೂ ಗಗನಚುಂಬಿ ಸೌಧಗಳು. ಆಚೆಗೆ ಕಡಲ ಖಾಡಿಯ ಕೆಸರಿನಲ್ಲಿ ಕೊಕ್ಕು ತೂರಿಸಿ ಆಹಾರವನ್ನರಸುವ ಫ್ಲೆಮಿಂಗೊಗಳು. ನೆರೆಯ ಜುಯಿನಗರದಲ್ಲಿ, ಮದುವೆ ಸಮಾರಂಭಗಳಿಗೆ ನಮ್ಮ ಕರಾವಳಿಗರು ನೆರೆಯುವ ಬಂಟ್ಸ್ ಸೆಂಟರ್.

ಆದರೆ ಆ ಸೌಧಗಳ ನೆರಳಿನಲ್ಲಿಯೇ ಕರಾವೆ, ಸಾರಸೋಳೆ ಎಂಬ ಆಗ್ರಿ, ಕೋಳಿ ಜನರ ಪ್ರಾಚೀನ ಗ್ರಾಮಗಳಿವೆ. ನವಿ ಮುಂಬಯಿಗಾಗಿ ಇಂಥ 95 ಹಳ್ಳಿಗಳ ಭೂಮಿ ಸ್ವಾಧೀನವಾಯಿತು. 1984ರ ಜನವರಿಯಲ್ಲಿ, ಆ ಹಳ್ಳಿಗಳಲ್ಲೊಂದಾದ ಜಾಸಯಿಯ ಪರಿಸರದಲ್ಲಿ ಈ ಸ್ವಾಧೀನದ ವಿರುದ್ಧ ನಡೆದ ರೈತಹೋರಾಟದಲ್ಲಿ ಐವರು ಪ್ರಾಣತೆತ್ತರು. ಅನಂತರವೇ ಭೂಮಿ ಕಳೆದುಕೊಂಡವರಿಗೆ ಶೇ. 12.5ರ ಪ್ರಮಾಣದಲ್ಲಿ ಅಭಿವೃದ್ಧಿಗೊಂಡ ನಿವೇಶನ ನೀಡುವ ಯೋಜನೆ ರೂಪುಗೊಂಡಿತು.

ಸಿರಿವಂತ ಊರಿನಲ್ಲಿ ಬಾಳುವುದೆಂದರೆ, ಆ ಸಿರಿಗೆ ತಮ್ಮ ಗದ್ದೆಗಳನ್ನು ತೆತ್ತವರ ನೆರೆಹೊರೆಯವರಾಗಿ, ಅವರ ಋಣವನ್ನರಿತು ಬಾಳುವುದೂ ಹೌದು.