ಚುಕ್ಕೆಯಿಂದ ಇಡ್ಲಿಯವರೆಗೆ: ವಿಡಿಯೊ ಆಟದ ಅರ್ಧ ಶತಮಾನ

ಚೆನ್ನೈಯ ಅಣ್ಣಾ ಸಾಲೆಯ ಮಗ್ಗುಲಲ್ಲಿರುವ ರಿಚ್ಚಿ ಸ್ಟ್ರೀಟನ್ನು ಅರಿಯದ ಕನ್ನಡಿಗರು ಈ ನಗರದಲ್ಲಿ ವಿರಳ. ರೇಡಿಯೊ ಬಿಡಿಭಾಗಗಳಿಂದ ಕಂಪ್ಯೂಟರಿನವರೆಗೆ ಎಲ್ಲ ಬಗೆಯ ಸಾಮಗ್ರಿಯೂ ಅಲ್ಲಿ ಮಾರಾಟವಾಗುತ್ತದೆ. ಟೆಲಿವಿಷನ್ನಿಗೆ ಜೋಡಿಸಿ ಆಡುವ ಆಟದ ಯಂತ್ರದ ಬೆಲೆಯನ್ನು, ಮಕ್ಕಳ ಒತ್ತಾಯಕ್ಕೆ ಮಣಿದು ವಿಚಾರಿಸಿ, ಬೆಚ್ಚಿ ಹಿಂದಿರುಗಿದ ತಂದೆಯರು ನಮ್ಮ ವಾಚಕರಲ್ಲಿ ಇರದಿರಲಾರರು. ಪ್ಲೇಸ್ಟೇಷನ್ 5 ಎಂಬ ಯಂತ್ರವು 2021ರ ಫೆಬ್ರವರಿಯಲ್ಲಿ ಭಾರತದ ಪೇಟೆಯನ್ನು ಪ್ರವೇಶಿಸಿದಾಗ ಅದರ ಬೆಲೆ 49,990 ರೂಪಾಯಿ. ತಿಂಗಳ ಸಂಬಳವನ್ನೇ ನೆಚ್ಚಿದ ಸಂಸಾರಕ್ಕೆ ಇದು ಸಾಮಾನ್ಯ ಮೊತ್ತವಲ್ಲ. ಆದುದರಿಂದ ಈ ಯಂತ್ರಗಳು ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ನಿಜವಾಗಿ ಯಾವುದರಲ್ಲಿ ಮುಂದುವರಿದಿವೆ ಎಂಬುದನ್ನು ವಿಚಾರಿಸುವುದು ವ್ಯರ್ಥವಾಗದೆಂದು ನಂಬಿದ್ದೇವೆ.

ಅಂಗಡಿಯವನು ಚಿತ್ರದ ಸ್ಫುಟತೆಯನ್ನು ಹೊಗಳುತ್ತಾನೆ. ಅದು ಸುಳ್ಳಲ್ಲ, ಆದರೆ ಗೋಡೆಯ ಅಮೃತಶಿಲೆಯನ್ನು ಕಂಡು ಸಾಂಬಾರಿನ ರುಚಿಯನ್ನು ನಿರ್ಣಯಿಸಲಾಗದೆಂಬುದನ್ನು ಹೋಟೆಲು ವೃತ್ತಿಯವರಿಗೆ ನಾವು ಹೇಳಬೇಕಾಗಿಲ್ಲ. ಆಟದ ವಿಷಯದಲ್ಲಿಯೂ ಒಳಗಿನ ಅಡಿಗೆಮನೆಯನ್ನೇ ನೋಡಬೇಕು. ಆ ಅಡಿಗೆಮನೆಗೆ ರಚನೆ ಎಂದು ಹೆಸರು. ಆಡುವವನ ಕಷ್ಟಸುಖವನ್ನು ರಚಿಸಿದವನು ಎಷ್ಟರ ಮಟ್ಟಿಗೆ ಮುಂದಾಗಿ ಊಹಿಸಿದ್ದಾನೆ ಎಂಬುದೇ ಅದರ ಒರೆಗಲ್ಲು.

ಬಿಳಿಯ ಚುಕ್ಕೆಯ ಕಾಲ

ಮನೆಯಲ್ಲಿ ಆಡತಕ್ಕ ಮೊದಲ ಯಂತ್ರವಾದ ಮ್ಯಾಗ್ನವಾಕ್ಸ್ ಒಡಿಸ್ಸಿ 1972ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಅದನ್ನು ಕಲ್ಪಿಸಿದ ರಾಲ್ಫ್ ಬೇರ್, 1938ರಲ್ಲಿ ಜರ್ಮನಿಯನ್ನು ತೊರೆದು ಅಮೆರಿಕವನ್ನು ಸೇರಿದ ಯಹೂದಿ ಕುಟುಂಬದ ಮಗ; ಅವರೂ ವಲಸೆಗಾರರೇ. ಆ ಯಂತ್ರಕ್ಕೆ ಧ್ವನಿಯಿರಲಿಲ್ಲ, ಬಣ್ಣವಿರಲಿಲ್ಲ, ಅಂಕಗಳ ಲೆಕ್ಕವಿಡುವ ಶಕ್ತಿಯೂ ಇರಲಿಲ್ಲ. ತೆರೆಯ ಮೇಲೆ ಕೆಲವು ಬಿಳಿಯ ಚುಕ್ಕೆಗಳು ಹಾಗೂ ಒಂದು ಗೆರೆ, ಇಷ್ಟೇ. ಆಟದ ಅಂಗಣ ಬೇಕಾದರೆ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಟೆಲಿವಿಷನ್ನಿನ ಗಾಜಿಗೆ ಅಂಟಿಸಿಕೊಳ್ಳಬೇಕಾಗಿತ್ತು. ದಾಳಗಳನ್ನೂ ಎಲೆಗಳನ್ನೂ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದರು. ಯಂತ್ರಕ್ಕೆ ಸಾಧ್ಯವಾಗದುದನ್ನು ಆಡುವವರ ಕಲ್ಪನೆ ತುಂಬಿಕೊಡುತ್ತಿತ್ತು.

1976ರಲ್ಲಿ ಜೆರ್ರಿ ಲಾಸನ್ನರ ನೇತೃತ್ವದಲ್ಲಿ ಸಿದ್ಧವಾದ ಫೇರ್‌ಚೈಲ್ಡ್ ಯಂತ್ರವು, ನಮ್ಮವರು ಮುಂದೆ ‘ಕ್ಯಾಸೆಟ್’ ಎಂದು ಕರೆದ ಆಟದ ಬಿಡಿತುಣುಕನ್ನು ಬಳಕೆಗೆ ತಂದಿತು. ಯಂತ್ರ ಒಂದು, ಆಟ ಹಲವು. ಮರುವರ್ಷ ಬಂದ ಅಟಾರಿ 2600 ಇದನ್ನು ಮನೆಮಾತಾಗಿಸಿತು. ಅದರ ತಾತ್ಕಾಲಿಕ ಸ್ಮೃತಿ ಕೇವಲ 128 ಬೈಟ್. ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟೆಂದು ಲೆಕ್ಕ ಹಿಡಿದರೆ, ಅಂಚೆಕಾರ್ಡಿನ ನಾಲ್ಕೈದು ಸಾಲಿಗೇ ಅದು ಮುಗಿದುಹೋಗುವುದು.

ಲಾಭದ ಆತುರದಲ್ಲಿ ಕಳಪೆ ಆಟಗಳು ರಾಶಿ ಬಿದ್ದುದರಿಂದ 1983ರಲ್ಲಿ ಅಮೆರಿಕದ ಪೇಟೆ ಕುಸಿಯಿತು. ಒಂದು ಪ್ರಖ್ಯಾತ ಚಲನಚಿತ್ರದ ಹೆಸರಿನಲ್ಲಿ ಸುಮಾರು ಐದೇ ವಾರಗಳಲ್ಲಿ ಹೊಸೆದ ‘ಇ.ಟಿ.’ ಎಂಬ ಆಟದ ಮಾರಾಟವಾಗದ ಪ್ರತಿಗಳನ್ನು ಇತರ ಸರಕಿನೊಡನೆ ನ್ಯೂ ಮೆಕ್ಸಿಕೋದ ಕಸದ ಗುಂಡಿಯಲ್ಲಿ ಹೂಳಲಾಯಿತು. 2014ರಲ್ಲಿ ಅವನ್ನು ಅಗೆದು ತೆಗೆದರು. ಒಮ್ಮೆ ಹಳಸಿದ್ದನ್ನು ಬಡಿಸಿದ ಹೋಟೆಲಿಗೆ ಗಿರಾಕಿ ಮರಳುವುದಿಲ್ಲವೆಂಬ ಪಾಠವನ್ನು ಆ ಉದ್ಯಮ ದುಬಾರಿ ಬೆಲೆ ತೆತ್ತು ಕಲಿಯಿತು.

ಕಲಿಸದೆ ಕಲಿಸಿದ ಆಟ

ಚೇತರಿಕೆ ಬಂದುದು ಜಪಾನಿನಿಂದ. ನಿಂಟೆಂಡೊ ಸಂಸ್ಥೆ 1983ರಲ್ಲಿ ಫ್ಯಾಮಿಕಾಮ್ ಯಂತ್ರವನ್ನೂ, 1985ರಲ್ಲಿ ಶಿಗೆರು ಮಿಯಾಮೊಟೊ ಮತ್ತು ಅವರ ಸಂಗಡಿಗರು ರಚಿಸಿದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟವನ್ನೂ ಹೊರತಂದಿತು. ಇಡೀ ಆಟದ ಗಾತ್ರ 40 ಕಿಲೊಬೈಟ್. ಜಾಗ ಉಳಿಸಲು ಆಕಾಶದ ಮೋಡದ ಆಕೃತಿಯನ್ನೇ ಹಸುರು ಬಣ್ಣದಲ್ಲಿ ನೆಲದ ಪೊದೆಯಾಗಿ ಬಳಸಿದರು. ಮಾರಿಯೊ ಮೊದಲು ಕಾಣಿಸಿಕೊಂಡ 1981ರ ಆಟದಲ್ಲಿ ಕೂದಲನ್ನು ಬಿಡಿಸುವುದು ಕಷ್ಟವೆಂದು ತಲೆಗೆ ಟೋಪಿಯನ್ನು ತೊಡಿಸಿದ್ದರು. ಮೂಗಿನ ಕೆಳಗೆ ಮೀಸೆಯನ್ನು ಅಂಟಿಸಿದ್ದರು. ಬಡತನದಲ್ಲಿಯೂ ಅಚ್ಚುಕಟ್ಟಾಗಿ ಸಂಸಾರ ತೂಗಿಸುವ ಗೃಹಿಣಿಯ ಜಾಣ್ಮೆ ಇದು.

ಆದರೆ ಅದರ ನಿಜವಾದ ಹಿರಿಮೆ ಬೇರೊಂದೆಡೆಯಲ್ಲಿದೆ. ಆಟ ಆರಂಭವಾದೊಡನೆ ಎದುರಿನಿಂದ ಅಣಬೆಯಾಕಾರದ ಒಂದು ಶತ್ರು ನಡೆದು ಬರುತ್ತದೆ. ನೆಗೆಯದಿದ್ದರೆ ಸಾವು. ಸತ್ತರೂ ನಷ್ಟ ಹೆಚ್ಚಲ್ಲ, ಆರಂಭದಿಂದ ಕೆಲವೇ ಹೆಜ್ಜೆ. ನೆಗೆದವನ ತಲೆ ಮೇಲಿನ ಪೆಟ್ಟಿಗೆಗೆ ತಾಗಿದರೆ ಅದರಿಂದ ಬಲವರ್ಧಕ ಅಣಬೆ ಹೊರಬಿದ್ದು, ದೂರ ಉರುಳಿ, ಕೊಳವೆಗೆ ಬಡಿದು, ಆಡುವವನೆಡೆಗೇ ಹಿಂದಿರುಗುತ್ತದೆ. ಒಂದಕ್ಷರದ ಉಪದೇಶವಿಲ್ಲದೆ ಅರ್ಧ ನಿಮಿಷದಲ್ಲಿ ಆಟದ ನಿಯಮಗಳು ಕರಗತವಾಗುತ್ತವೆ. ಹೊಸದಾಗಿ ಸೇರಿದ ಮಾಣಿಯ ಕೈಗೆ ಮೊದಲ ದಿನವೇ ನಾಲ್ಕು ತಟ್ಟೆ ಕೊಡದೆ, ಮೊದಲು ನೀರಿನ ಲೋಟ, ಅನಂತರ ಕಾಫಿ ಎಂದು ಪಳಗಿಸುವ ಅನುಭವಿ ಹಿರಿಯನ ಕ್ರಮವೂ ಇದೇ ಅಲ್ಲವೆ?

ನಮ್ಮ ನಾಡಿಗೆ ಈ ಪೀಳಿಗೆ ತಲಪಿದುದು 1990ರ ದಶಕದಲ್ಲಿ, ಬಹುಮಟ್ಟಿಗೆ ಫ್ಯಾಮಿಕಾಮಿನ ಅಗ್ಗದ ತದ್ರೂಪುಗಳ ಮೂಲಕ. ‘ಒಂದರಲ್ಲಿ 9999 ಆಟ’ ಎಂದು ಅಚ್ಚಾದ ಕ್ಯಾಸೆಟ್ಟಿನೊಳಗೆ ಬೆರಳೆಣಿಕೆಯ ಆಟಗಳೇ ಬೇರೆಬೇರೆ ಹೆಸರಿನಲ್ಲಿ ತಿರುತಿರುಗಿ ಬರುತ್ತಿದ್ದವು. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಸರಕು ದೊಡ್ಡದಾಗದು.

ದುಡಿಯುವವನ ಬಿಡುವು

ಪ್ರಗತಿಯ ಇನ್ನೊಂದು ಹೆಜ್ಜೆ ಸದ್ದಿಲ್ಲದೆ ಬಂದಿತು. 1987ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ಲೆಜೆಂಡ್ ಆಫ್ ಜೆಲ್ಡಾ’ ಆಟದ ಕ್ಯಾಸೆಟ್ಟಿನೊಳಗೆ ಚಿಕ್ಕದೊಂದು ಬ್ಯಾಟರಿಯಿತ್ತು. ಆಟವನ್ನು ನಿಲ್ಲಿಸಿ, ಮರುದಿನ ಅಲ್ಲಿಂದಲೇ ಮುಂದುವರಿಸಬಹುದಾಗಿತ್ತು. ಪಾಳಿಯ ಕೆಲಸದ ನಡುವೆ ಅರ್ಧ ಗಂಟೆ ಬಿಡುವು ದೊರೆತವನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

1994ರ ಪ್ಲೇಸ್ಟೇಷನ್ ಕ್ಯಾಸೆಟ್ಟಿನ ಸ್ಥಾನದಲ್ಲಿ ಸಿ.ಡಿ.ಯನ್ನಿಟ್ಟು ನೂರಾರು ಪಟ್ಟು ಹೆಚ್ಚು ಜಾಗ ಒದಗಿಸಿತು. 1996ರ ‘ಸೂಪರ್ ಮಾರಿಯೊ 64’ ಆಟಕ್ಕೆ ಆಳವೆಂಬ ಮೂರನೆಯ ಆಯಾಮವನ್ನು ತಂದಾಗ ಹೊಸ ಸಮಸ್ಯೆ ಎದುರಾಯಿತು: ಆಡುವವನು ಯಾವ ಕಡೆಯಿಂದ ನೋಡಬೇಕು? ಮೋಡವೇರಿ ಕ್ಯಾಮೆರಾ ಹಿಡಿದ ಒಂದು ಪಾತ್ರವನ್ನೇ ನೇಮಿಸಿ, ನೋಟವನ್ನು ತಿರುಗಿಸುವ ಅಧಿಕಾರವನ್ನು ಆಡುವವನಿಗೇ ಒಪ್ಪಿಸಿದರು. 2000ದ ಪ್ಲೇಸ್ಟೇಷನ್ 2 ಹದಿನೈದು ಕೋಟಿಗೂ ಮಿಕ್ಕಿ ಮಾರಾಟವಾಯಿತು. 2006ರ ವೀ ಯಂತ್ರದಲ್ಲಿ ಗುಂಡಿಗಳ ಗೊಂದಲವನ್ನು ಬಿಟ್ಟು ಕೈ ಬೀಸಿದರೆ ಸಾಕಾಯಿತು; ಅಜ್ಜಿಯೂ ಮೊಮ್ಮಗನೊಡನೆ ಆಡುವಂತಾಯಿತು. ಸಾಮಾನ್ಯ ಗುಂಡಿಗಳನ್ನು ಒತ್ತಲಾಗದ ಅಂಗವಿಕಲರಿಗಾಗಿ 2018ರಲ್ಲಿ ಮೈಕ್ರೊಸಾಫ್ಟ್ ಪ್ರತ್ಯೇಕ ಸಾಧನವನ್ನೇ ಹೊರತಂದಿತು. ಚಿತ್ರದ ಹೊಳಪಿಗಿಂತ ಇವೇ ಮಿಗಿಲಾದ ಸಾಧನೆಗಳೆಂದು ನಮ್ಮ ಅಭಿಪ್ರಾಯ.

ಎಲ್ಲವೂ ಮುನ್ನಡೆಯೇ ಎಂದು ಮಾತ್ರ ಹೇಳಲಾರೆವು. ಒಮ್ಮೆ ಹಣ ತೆತ್ತರೆ ಮುಗಿಯಿತೆಂಬ ವ್ಯವಹಾರ ಈಗ ಹಲವು ಆಟಗಳಲ್ಲಿ ಉಳಿದಿಲ್ಲ. ಆಟದೊಳಗೇ ಅಂಗಡಿ ತೆರೆದು, ಒಳಗೇನಿದೆಯೆಂದು ಹೇಳದ ಪೆಟ್ಟಿಗೆಗಳನ್ನು ಲಾಟರಿಯಂತೆ ಮಕ್ಕಳಿಗೆ ಮಾರುವ ಪದ್ಧತಿಯೂ ರಚನೆಯ ಚಾತುರ್ಯವೇ. ಆದರೆ ಅದು ಆಡುವವನ ಕಷ್ಟವನ್ನಲ್ಲ, ದೌರ್ಬಲ್ಯವನ್ನು ಅರಿತ ಚಾತುರ್ಯ. 2018ರಲ್ಲಿ ಬೆಲ್ಜಿಯಂ ದೇಶ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ಸಂಬಳದ ಹಣದಿಂದ ಯಂತ್ರ ಕೊಡಿಸುವ ತಂದೆತಾಯಿಗಳು ಮೊದಲು ವಿಚಾರಿಸಬೇಕಾದುದು ಇದನ್ನು.

ನಮ್ಮವರ ಕೈ, ಪರರ ಹೆಸರು

ಈ ಉದ್ಯಮದಲ್ಲಿ ಕರ್ನಾಟಕದ ಪಾಲೇನು? 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆಯನ್ನು ಸ್ಥಾಪಿಸಿದರು. ‘ಫೋರ್ಜಾ’ ಎಂಬ ಜಗತ್ಪ್ರಸಿದ್ಧ ಕಾರುಪಂದ್ಯದ ಆಟಗಳಿಗೆ ಚಿತ್ರಕಾರ್ಯ ಮಾಡಿಕೊಟ್ಟವರಲ್ಲಿ ಅಲ್ಲಿಯ ಕಲಾವಿದರೂ ಸೇರಿದ್ದಾರೆ. ಆದರೆ ಪೆಟ್ಟಿಗೆಯ ಮೇಲಿನ ದೊಡ್ಡ ಹೆಸರು ಪರರದು. ಆ ಸಂಸ್ಥೆಯೂ ಮೊದಲು ಸ್ವೀಡನ್ನಿನ ಕಂಪೆನಿಯೊಂದರ ಕೈಸೇರಿ, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು. ಒಲೆಯ ಮುಂದೆ ಬೆವರಿದವನ ಹೆಸರು ಹೋಟೆಲಿನ ಬೋರ್ಡಿನ ಮೇಲೆ ಇರುವುದಿಲ್ಲವೆಂಬುದು ನಮ್ಮ ವಾಚಕರಿಗೆ ಹೊಸ ಸಂಗತಿಯಲ್ಲ.

ನಮ್ಮ ಕಥೆಯೊಂದಿದ್ದರೆ ಸಾಕೆ? ಸಾಲದು. 2009ರಲ್ಲಿ ಹೈದರಾಬಾದಿನ ಸಂಸ್ಥೆಯೊಂದು ಪ್ಲೇಸ್ಟೇಷನ್ 2ಕ್ಕಾಗಿ ಹನುಮಂತನ ಬಾಲ್ಯವನ್ನು ಕುರಿತ ಆಟವೊಂದನ್ನು ಹೊರತಂದಿತು. ಭಾರತದಲ್ಲಿಯೇ ಸಿದ್ಧವಾಯಿತೆಂಬ ಹೆಮ್ಮೆ ಅದಕ್ಕಿತ್ತಾದರೂ ವಿಮರ್ಶಕರ ಮೆಚ್ಚುಗೆ ದೊರೆಯಲಿಲ್ಲ. ಕಥೆ ಪುಣ್ಯಕಥೆಯಾದರೂ ರಚನೆಯಲ್ಲಿ ಹದವಿರಬೇಕು.

ಅಂಥ ಹದ ಕಂಡುದು 2023ರ ‘ವೆಣ್ಬಾ’ ಎಂಬ ಆಟದಲ್ಲಿ. ಕೆನಡದ ಟೊರಾಂಟೊ ನಗರದ ಚಿಕ್ಕ ಸಂಸ್ಥೆಯೊಂದರ ಕೃತಿಯಿದು. 1980ರ ದಶಕದಲ್ಲಿ ತಮಿಳುನಾಡಿನಿಂದ ಕೆನಡಕ್ಕೆ ತೆರಳಿದ ಹೆಣ್ಣುಮಗಳೊಬ್ಬಳು, ತಾಯಿ ಕೊಟ್ಟ, ಹರಿದು ಅಕ್ಷರ ಮಾಸಿದ ಅಡಿಗೆ ಪುಸ್ತಕವನ್ನು ನೋಡಿ ಅಡಿಗೆ ಮಾಡುತ್ತಾಳೆ. ಮಾಸಿದ ಭಾಗವನ್ನು ಆಡುವವನು ಯೋಚಿಸಿ ತುಂಬಬೇಕು. ಮೊದಲ ತಿನಿಸು ಇಡ್ಲಿ. ಉಗಿ ಸರಾಗವಾಗಿ ಏರುವಂತೆ ತಟ್ಟೆಗಳನ್ನು ಜೋಡಿಸುವುದೇ ಅಲ್ಲಿಯ ಒಗಟು! ಬಂದೂಕಿಲ್ಲ, ಶತ್ರುವಿಲ್ಲ. ಪರಊರಿನಲ್ಲಿ ಬೆಳೆದ ಮಗ ತಾಯ್ನುಡಿಯಿಂದ ದೂರ ಸರಿಯುವ ಸಂಕಟವನ್ನು ಆ ಅಡಿಗೆಯೇ ಹೇಳುತ್ತದೆ. 2024ರಲ್ಲಿ ಅದು ಬ್ರಿಟನ್ನಿನ ಬಾಫ್ಟಾ ಸಂಸ್ಥೆಯಿಂದ ಅತ್ಯುತ್ತಮ ಚೊಚ್ಚಲ ಆಟವೆಂಬ ಪ್ರಶಸ್ತಿ ಪಡೆಯಿತು.

ಚುಕ್ಕೆಯಿಂದ ಹೊರಟ ಕಲೆ ಐವತ್ತು ವರ್ಷಗಳಲ್ಲಿ ಇಡ್ಲಿ ತಟ್ಟೆಯವರೆಗೆ ಬಂದಿದೆ. ವಲಸೆಯ ಕಥೆ ತಮಿಳರದು ಮಾತ್ರವಲ್ಲ. ಚೆನ್ನೈಗೆ ಇಡ್ಲಿ ದೋಸೆ ಬಡಿಸುತ್ತ ಬದುಕು ಕಟ್ಟಿಕೊಂಡ ಉಡುಪಿ ಸೀಮೆಯವರದೂ ಹೌದು. ಅಡಿಗೆಮನೆಯ ಕೆಲಸದಿಂದ ಆರಂಭಿಸಿದ ಕೆ. ಕೃಷ್ಣರಾಯರು ಈ ನಗರದಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿ ನಿಲ್ಲಿಸಿದರು. ಪರರ ಕಾರುಗಳಿಗೆ ಬಣ್ಣ ಬಳಿದ ಬೆಂಗಳೂರಿನ ಕೈಗಳಿಗೂ ಅಂಥ ದಿನ ಬರಲಾರದೆ? ರಿಚ್ಚಿ ಸ್ಟ್ರೀಟಿನಲ್ಲಿ ಯಂತ್ರಕ್ಕಾಗಿ ಹಟ ಹಿಡಿಯುವ ನಮ್ಮ ಮಕ್ಕಳಲ್ಲಿ ಕೆಲವರಾದರೂ, ಆಡುವುದರ ಜೊತೆಗೆ ರಚನೆಯನ್ನೂ ಕಲಿತು, ತಮ್ಮ ತಂದೆತಾಯಿಗಳ ಈ ಕಥೆಯನ್ನು ಕನ್ನಡದಲ್ಲಿ ಆಡಿಸಲಿ ಎಂದು ಹಾರೈಸುತ್ತೇವೆ.