ಅಗ್ನಿಶಾಮಕ ವಾಹನಗಳೂ ಛಾಯಾಚಿತ್ರದ ಹವ್ಯಾಸವೂ

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯು ನಮ್ಮ ಮಲವಗೊಪ್ಪವನ್ನು ಹಾದುಹೋಗುತ್ತದೆ. ಈಚೆಗೊಂದು ದಿನ ಅಗ್ನಿಶಾಮಕ ದಳದ ಕೆಂಪು ವಾಹನವು ಸೈರನ್ ಕೂಗುತ್ತ ಬರಲು, ಇಬ್ಬರು ತರುಣರು ಅದರ ಛಾಯಾಚಿತ್ರವನ್ನು ತೆಗೆಯಲೆಂದು ರಸ್ತೆಯ ನಡುವೆಯೇ ನಿಂತುದನ್ನು ಕಂಡೆವು. ಚಾಲಕನು ವೇಗವನ್ನು ತಗ್ಗಿಸಬೇಕಾಯಿತು.

ಈ ಹವ್ಯಾಸವೇ ತಪ್ಪೆಂದು ನಾವು ಹೇಳೆವು. ನೀರಿನ ತೊಟ್ಟಿ, ಪಂಪು, ಸುತ್ತಿಟ್ಟ ಕೊಳವೆ, ಏಣಿ ಇವೆಲ್ಲವೂ ನೋಡತಕ್ಕವೇ ಸರಿ. ಬೆಂಗಳೂರಿನಲ್ಲಿ 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್ ಎಂಬ ಎತ್ತರದ ಕಟ್ಟಡಕ್ಕೆ ಬೆಂಕಿ ತಗುಲಿ 9 ಮಂದಿ ಮಡಿದರು. 2022ರಲ್ಲಿ ಆ ನಗರಕ್ಕೆ 90 ಮೀಟರ್ ಎತ್ತರಕ್ಕೆ ಚಾಚಬಲ್ಲ ಏಣಿಯ ವಾಹನವು ಬಂದಿತು. ಅದರ ಚಿತ್ರವನ್ನು ಯಾರು ತಾನೆ ಬಯಸರು?

ಆದರೆ ಅದಕ್ಕೆ ತಕ್ಕ ಕಾಲವುಂಟು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಸ್ಫೋಟದಲ್ಲಿ ಪ್ರಾಣವಿತ್ತ ಅಗ್ನಿಶಾಮಕ ಸಿಬ್ಬಂದಿಯ ಸ್ಮರಣಾರ್ಥವಾಗಿ ವರ್ಷವರ್ಷವೂ ಆ ದಿನದಿಂದ ಸಪ್ತಾಹವು ನಡೆಯುತ್ತದೆ. ಆಗ ವಾಹನಗಳನ್ನು ಪ್ರದರ್ಶನಕ್ಕೆ ಇಡುವುದುಂಟು. ಅಂದು ಅನುಮತಿ ಪಡೆದು ಮನದಣಿಯೆ ಚಿತ್ರ ತೆಗೆಯಬಹುದು.

ಬೆಂಕಿಯ ಕಡೆಗೆ ಧಾವಿಸುವ ವಾಹನಕ್ಕಾದರೋ ದಾರಿ ಬಿಡುವುದೇ ಧರ್ಮ. ಬಿಡದವರಿಗೆ ಶಿಕ್ಷೆಯನ್ನು 2019ರ ಮೋಟಾರು ವಾಹನ ಕಾಯಿದೆಯ ತಿದ್ದುಪಡಿಯೂ ವಿಧಿಸಿದೆ. ಮನೆ ಹತ್ತಿ ಉರಿಯುವಾಗ ಬಾವಿ ತೋಡದೆ, ಗೃಹಸ್ಥರು ಮಕ್ಕಳಿಗೆ ಈ ಪಾಠವನ್ನು ಇಂದೇ ಕಲಿಸಲಿ.